ಕಲ್ಲೊಳಗಿನ ಕಪ್ಪೆ

ಕೈದಾಳದ ಜಕಣಾಚಾರಿಯ ಕಥೆಯನ್ನು ಕಡಬದವರಿಗೆ ಹೊಸದಾಗಿ ಹೇಳಬೇಕಿಲ್ಲ. ವಿಗ್ರಹದೊಳಗಿನ ಕಪ್ಪೆ ತಂದೆಗೆ ಕಾಣಲಿಲ್ಲ. ಗಂಧ ಬಳಿಸಿ ತೋರಿಸಿದವನು ಮಗ ಡಂಕಣ. ಕಿವಿಯ ಶಸ್ತ್ರವೈದ್ಯನ ಪಾಡೂ ಅಂಥದೇ. ಹುಟ್ಟುಕಿವುಡು ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸಲು ಕಿವಿಯ ಹಿಂದಿನ ಮೂಳೆಯನ್ನು ಕೊರೆಯಬೇಕು. ಮುಖವನ್ನಾಡಿಸುವ ನರ ಆ ಮೂಳೆಯೊಳಗೇ ಹಾಯುತ್ತದೆ. ಅದು ತುಂಡಾದರೆ ಕೂಸಿನ ಅರ್ಧ ಮುಖ ಜೋತುಬೀಳುತ್ತದೆ.

ಸಿ.ಟಿ. ಯಂತ್ರ ತೆಗೆದ ಪದರ ಪದರ ಚಿತ್ರಗಳನ್ನು ಕಂಪ್ಯೂಟರು ಈಗ ಒಂದರ ಮೇಲೊಂದು ಜೋಡಿಸಿ, ನರದ ಹಾದಿಯನ್ನೂ 2½ ಸುತ್ತಿನ ಶಂಖದಂಥ ಕಾಕ್ಲಿಯವನ್ನೂ ಎಲ್ಲ ಮಗ್ಗುಲಿಂದ ತೋರಿಸುತ್ತದೆ. ಪರದೆಯ ಮೂಳೆಗೆ ರಕ್ತವಿಲ್ಲ, ನಿಜ. ದೇಹದಾನದಿಂದ ಬಂದ ಮೂಳೆಯ ಅಭ್ಯಾಸವೂ ಬೇಕು. ಆದರೆ ಅದನ್ನು ಕೊರೆಯುವುದು ಒಂದೇ ಸಲ. ಮಾದರಿಯನ್ನಾದರೋ ನೂರು ಸಲ. ಬಡವರ ಮಕ್ಕಳು ಹೋಗುವುದು ಸರ್ಕಾರಿ ಆಸ್ಪತ್ರೆಗೆ. ಈ ಮಾದರಿ ಮೊದಲು ಅಲ್ಲಿನ ಕಿರಿಯ ವೈದ್ಯರ ಕೈಗೆ ಸಿಗಬೇಕು.