ಲಿಯಮ್‌ಗೆ ಯಾರು ಕೆಲಸ ಕೊಡ್ತಾರೆ?

ಈ ವೀಕೆಂಡ್‌ಗೆ ಒಂದು ಸಿನಿಮಾ ಹೇಳ್ತೀನಿ. ಹಗುರವಾಗಿ ನೋಡಿ ಮರೆಯೋ ಸಿನಿಮಾ ಅಲ್ಲ. ಬ್ರಿಟನ್ನಿನ ನಿರ್ದೇಶಕ ಕೆನ್ ಲೋಚ್ 2002ರಲ್ಲಿ ತೆರೆಗೆ ತಂದ ‘ಸ್ವೀಟ್ ಸಿಕ್ಸ್‌ಟೀನ್’.

ಕಥೆ ನಡೆಯೋದು ಸ್ಕಾಟ್ಲೆಂಡಿನ ಗ್ರೀನಾಕ್‌ನಲ್ಲಿ. ಒಂದು ಕಾಲಕ್ಕೆ ಹಡಗು ಕಟ್ಟಿ ಹೆಸರು ಮಾಡಿದ ಊರು. ಆ ಉದ್ಯಮ ಕುಸಿದ ಮೇಲೆ ಅಪ್ಪಂದಿರ ಕೆಲಸ ಹೋಯ್ತು, ಮಕ್ಕಳ ಪಾಲಿಗೆ ಕೆಲಸವೇ ಉಳಿಯಲಿಲ್ಲ. ಅಲ್ಲಿನ ಹುಡುಗ ಲಿಯಮ್. ಇನ್ನೇನು ಹದಿನಾರು ತುಂಬಬೇಕು. ಅಮ್ಮ ಜೈಲಿನಲ್ಲಿದ್ದಾಳೆ, ಹುಟ್ಟುಹಬ್ಬದ ಹೊತ್ತಿಗೆ ಬಿಡುಗಡೆ. ಅಷ್ಟರೊಳಗೆ ನದಿ ಕಾಣೋ ಜಾಗದಲ್ಲಿ ಒಂದು ಕ್ಯಾರವಾನ್ ಮನೆ ಕೊಳ್ಳಬೇಕು, ಅಮ್ಮನ ಜೊತೆ ಹೊಸ ಬದುಕು ಶುರು ಮಾಡಬೇಕು ಅನ್ನೋದು ಅವನ ಆಸೆ. ಅಷ್ಟು ದುಡ್ಡು ಎಲ್ಲಿಂದ? ಅವನ ಕೈಗೆಟುಕೋದು ಹೆರಾಯಿನ್ ದಂಧೆ ಮಾತ್ರ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲಿಯಮ್‌ನ ಬುದ್ಧಿ. ಪಿಜ್ಜಾ ಡೆಲಿವರಿ ಸ್ಕೂಟರ್‌ಗಳಲ್ಲೇ ಮಾಲು ಸಾಗಿಸೋ ಐಡಿಯಾ, ಸ್ನೇಹಿತರನ್ನೇ ಟೀಮ್ ಮಾಡಿಕೊಳ್ಳೋ ರೀತಿ, ಪೆಟ್ಟು ತಿಂದರೂ ಮತ್ತೆ ಎದ್ದು ಬರೋ ಛಲ. ನಾನು ಆಫೀಸಿನಲ್ಲಿ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಾಗ ಹುಡುಕೋದೂ ಇವೇ ಗುಣಗಳನ್ನ! ಆದ್ರೆ ಲಿಯಮ್‌ನಂಥ ಹುಡುಗನ ರೆಸ್ಯೂಮೆ ನಮ್ಮ ಟೇಬಲ್‌ವರೆಗೂ ಬರೋದೇ ಇಲ್ಲ. ಅವನ ಜಾಣತನ ಮೊದಲು ಕಣ್ಣಿಗೆ ಬೀಳೋದು ಡ್ರಗ್ ಡೀಲರ್‌ಗೆ.

ಹಾಗಂತ ಲೋಚ್ ಅವನನ್ನು ಹೀರೋ ಮಾಡಲ್ಲ, ‘ಅಯ್ಯೋ ಪಾಪ’ ಅಂತಲೂ ತೋರಿಸಲ್ಲ. ಅವನ ಗಾಯಕ್ಕೆ ಔಷಧಿ ಹಚ್ಚುತ್ತಲೇ ಬೈಯ್ಯೋ ಅಕ್ಕ ಶಾಂಟೆಲ್ ಇದ್ದಾಳೆ. ಸರಿ ತಪ್ಪಿನ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತು.

ಲಿಯಮ್ ಪಾತ್ರದ ಮಾರ್ಟಿನ್ ಕಾಂಪ್‌ಸ್ಟನ್ ಅದೇ ಊರಿನ ಫುಟ್‌ಬಾಲ್ ಹುಡುಗ, ಅದಕ್ಕೆ ಮುಂಚೆ ನಟನೆ ಮಾಡಿದವನೇ ಅಲ್ಲ. ಲೋಚ್ ಕಥೆಯ ಕ್ರಮದಲ್ಲೇ ಶೂಟ್ ಮಾಡ್ತಾರೆ, ನಟರಿಗೆ ಪೂರ್ತಿ ಸ್ಕ್ರಿಪ್ಟ್ ಮೊದಲೇ ಕೊಡಲ್ಲ. ಹಾಗಾಗಿ ಆ ಮುಖದ ಮೇಲಿನ ಎಷ್ಟೋ ಗಾಬರಿ ನಿಜವಾದ ಗಾಬರಿ.

ಪೌಲ್ ಲಾವರ್ಟಿ ಬರೆದ ಚಿತ್ರಕಥೆಗೆ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಬ್ರಿಟನ್ನಿನ ಸೆನ್ಸಾರ್ ಮಾತ್ರ ಬೈಗುಳ ಜಾಸ್ತಿ ಅಂತ 18 ದಾಟಿದವರಿಗಷ್ಟೇ ಎಂದು ಸರ್ಟಿಫಿಕೇಟ್ ಕೊಟ್ಟಿತು. ಅಂದ್ರೆ ಅಲ್ಲಿನ ಬಹುತೇಕ ಥಿಯೇಟರ್‌ಗಳಲ್ಲಿ ಲಿಯಮ್ ವಯಸ್ಸಿನವರು ತಮ್ಮದೇ ಕಥೆ ನೋಡೋ ಹಾಗಿರಲಿಲ್ಲ!

ಕೊನೆ ಏನಾಗುತ್ತೆ ಅಂತ ಹೇಳಲ್ಲ. ಸಬ್‌ಟೈಟಲ್ ಹಾಕ್ಕೊಂಡು ನೋಡಿ, ಗ್ರೀನಾಕ್‌ನವರ ಇಂಗ್ಲಿಷ್ ಸುಲಭಕ್ಕೆ ಕಿವಿಗೆ ಹತ್ತಲ್ಲ. ನೋಡಿ ಮುಗಿಸಿದ ಮೇಲೆ, ಮುಂದಿನ ಸಲ ನಿಮ್ಮ ಕಂಪನಿ ಹೊಸಬರನ್ನು ತಗೊಳ್ಳೋವಾಗ, ಕಾಲೇಜಿನ ಹೆಸರು ನೋಡೇ ಪಕ್ಕಕ್ಕಿಟ್ಟ ಅರ್ಜಿಗಳನ್ನ ಇನ್ನೊಮ್ಮೆ ತೆಗೆದು ಓದಿ.