ರೀಲು ಹಾಕುವವರು, ರೀಲು ಬಿಡುವವರು

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆಯೊಂದಿದೆ. ಅದರ ತುಂಬ ತೊಳೆದು, ಒಣಗಿಸಿ, ಆರಾರು ಫ್ರೇಮಿಗೆ ಕತ್ತರಿಸಿ ಕವರಿಗೆ ಹಾಕಿಟ್ಟ ನೆಗೆಟಿವ್‌ಗಳು. ರೀಲು ಕೊಟ್ಟು ಹೋದವರು ಸ್ಕ್ಯಾನ್ ಆದ ಚಿತ್ರಗಳನ್ನು ಫೋನಿಗೆ ಇಳಿಸಿಕೊಂಡಿದ್ದಾರೆ. ನೆಗೆಟಿವ್ ಕೇಳಿಕೊಂಡು ಯಾರೂ ಬಂದಿಲ್ಲ. 'ಎಷ್ಟು ದಿನ ಇಟ್ಟುಕೊಂಡಿರ್ತೀರಿ?' ಅಂದೆ. 'ಪೆಟ್ಟಿಗೆ ತುಂಬೋವರೆಗೂ ಸಾರ್' ಅಂದರು.

ಹುಡುಗರು ಫಿಲ್ಮ್ ಫೋಟೊಗ್ರಫಿಗೆ ಮರುಜೀವ ಕೊಟ್ಟಿದ್ದಾರೆ ಎಂದು ಯಾರಾದರೂ ಸಂಭ್ರಮಿಸಿದಾಗಲೆಲ್ಲ ನನಗೆ ಆ ಪೆಟ್ಟಿಗೆ ಕಣ್ಣಮುಂದೆ ಬರುತ್ತದೆ.

ಫಿಲ್ಮ್ ಉಳಿದದ್ದು ಯಾರಿಂದ? 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮ್ ನಿಂತುಹೋಯಿತು. ಆಗ ಕೊಡಕ್ಕಿನ ರಾಚೆಸ್ಟರ್ ಕಾರ್ಖಾನೆಯ ಯಂತ್ರ ನಿಲ್ಲದಂತೆ ನೋಡಿಕೊಂಡವರು ಇಪ್ಪತ್ತರ ಹರೆಯದವರಲ್ಲ. ಕ್ರಿಸ್ಟೋಫರ್ ನೋಲನ್, ಕ್ವೆಂಟಿನ್ ಟರಂಟಿನೊ ಥರದ ನಿರ್ದೇಶಕರು ಹಟ ಹಿಡಿದರು, ಹಾಲಿವುಡ್ಡಿನ ದೊಡ್ಡ ಸ್ಟುಡಿಯೊಗಳು ಕೊಡಕ್ಕಿನಿಂದ ಫಿಲ್ಮ್ ಕೊಳ್ಳಲು ಒಪ್ಪಂದ ಮಾಡಿಕೊಂಡವು. ಸಿನಿಮಾ ಫಿಲ್ಮಿಗೂ ನಮ್ಮ ಕ್ಯಾಮೆರಾದ ರೀಲಿಗೂ ಎಮಲ್ಷನ್ ಬಳಿಯುವುದು ಅದೇ ಕಾರ್ಖಾನೆಯಲ್ಲಿ. ಸಿನಿಮಾದವರು ಕೈಬಿಟ್ಟಿದ್ದರೆ ಇಂದು ಹುಡುಗರ ಕೈಗೆ ರೀಲೇ ಸಿಗುತ್ತಿರಲಿಲ್ಲ.

ಹಾಗಂತ ಹುಡುಗರ ಪಾಲು ಏನೂ ಇಲ್ಲವೆಂದು ನಾನು ರೀಲು ಬಿಡುವುದಿಲ್ಲ. 2018ರಲ್ಲಿ ಎಕ್ಟಾಕ್ರೋಮ್ ಮರಳಿತು. 2024ರಲ್ಲಿ ಪೆಂಟ್ಯಾಕ್ಸ್ 17 ಎಂಬ ಹೊಸ ಫಿಲ್ಮ್ ಕ್ಯಾಮೆರಾ ಬಂತು. ಬೇಡಿಕೆ ಇಲ್ಲದೆ ಯಾವ ಕಂಪನಿಯೂ ಈ ಸಾಹಸಕ್ಕೆ ಇಳಿಯುವುದಿಲ್ಲ. ಆದರೆ ಆ ಪೆಂಟ್ಯಾಕ್ಸನ್ನು ಒಮ್ಮೆ ಕಣ್ಣಿಗೆ ಹಿಡಿದು ನೋಡಿ. ಅರ್ಧ ಫ್ರೇಮು, ನೆಟ್ಟಗೆ ನಿಂತ ಚೌಕಟ್ಟು, ಥೇಟ್ ಫೋನಿನ ಪರದೆಯ ಹಾಗೆ. ಚಿತ್ರ ಹೋಗಿ ಕೂರಬೇಕಾದ ಜಾಗ ಯಾವುದೆಂದು ಕಂಪನಿಗೆ ಚೆನ್ನಾಗಿ ಗೊತ್ತು. ಇದೇ ಹುಡುಗರು ಇಪ್ಪತ್ತು ವರ್ಷ ಹಳೆಯ ಪುಟಾಣಿ ಡಿಜಿಟಲ್ ಕ್ಯಾಮೆರಾಗಳನ್ನೂ ಹುಡುಕಿ ಕೊಳ್ಳುತ್ತಿದ್ದಾರೆ. ಫಿಲ್ಮಿನ ಬಣ್ಣವನ್ನು ಅನುಕರಿಸುವ ಫ್ಯೂಜಿಫಿಲ್ಮಿನ ಡಿಜಿಟಲ್ ಕ್ಯಾಮೆರಾಕ್ಕೂ ಮುಗಿಬಿದ್ದಿದ್ದಾರೆ. ಬೇಕಾಗಿರುವುದು ಆ ಬಣ್ಣ. ಫಿಲ್ಮ್ ಅದಕ್ಕೊಂದು ದಾರಿ, ಅಷ್ಟೆ.

'ಫಿಲ್ಮ್ ತಾಳ್ಮೆ ಕಲಿಸುತ್ತದೆ' ಎನ್ನುತ್ತಾರೆ. ಮೂವತ್ತಾರೇ ಚಿತ್ರ ಎಂದಾಕ್ಷಣ ತಾಳ್ಮೆ ಬರುವುದಿಲ್ಲ; ಜೇಬು ನೋಡಿಕೊಳ್ಳುವ ಬುದ್ಧಿ ಬರುತ್ತದೆ. ತಾಳ್ಮೆ ಇದ್ದದ್ದು ಕತ್ತಲೆ ಕೋಣೆಯಲ್ಲಿ. ಕಣ್ಣಿಗೆ ಏನೂ ಕಾಣದೆ ಬೆರಳ ತುದಿಯಲ್ಲೇ ಫಿಲ್ಮನ್ನು ಸುರುಳಿಗೆ ಏರಿಸಬೇಕಿತ್ತು, ಡೆವಲಪರ್ ಬಿಸಿ ಒಂದು ಡಿಗ್ರಿ ಏರಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ತೊಳೆದ ನೆಗೆಟಿವನ್ನು ಬೆಳಕಿಗೆ ಹಿಡಿದರೆ ನಮ್ಮ ತಪ್ಪು ನಮಗೇ ಕಾಣುತ್ತಿತ್ತು: ಇಲ್ಲಿ ಬೆಳಕು ಸಾಲದು, ಇಲ್ಲಿ ಅತಿಯಾಯಿತು. ಸ್ಕ್ಯಾನಿನಲ್ಲಿ ಅದು ಕಾಣುವುದಿಲ್ಲ, ಲ್ಯಾಬಿನವರು ಸರಿಪಡಿಸಿಯೇ ಕಳಿಸುತ್ತಾರೆ. ಕಲರ್ ನೆಗೆಟಿವ್ ಇರುವುದು ಕಿತ್ತಳೆ ಛಾಯೆಯಲ್ಲಿ. ಅದನ್ನು ತಿರುವಿಹಾಕುವಾಗ ಆಕಾಶ ಎಷ್ಟು ನೀಲಿಯಾಗಬೇಕು, ಮುಖ ಎಷ್ಟು ಕೆಂಪಾಗಬೇಕು ಎಂದು ಯಾರೋ ನಿರ್ಧರಿಸಬೇಕು. ನೀವು ಹೆಮ್ಮೆಯಿಂದ ಹಂಚಿಕೊಳ್ಳುವ 'ಫಿಲ್ಮ್ ಲುಕ್'ನಲ್ಲಿ ಅರ್ಧ ಪಾಲು ಸ್ಕ್ಯಾನರ್ ಮುಂದೆ ಕೂತ ಆ ಲ್ಯಾಬಿನ ಹುಡುಗನದು. ಅವನ ಹೆಸರು ಯಾರೂ ಹಾಕುವುದಿಲ್ಲ.

ತಪ್ಪೆಲ್ಲ ಹುಡುಗರದೇ ಎಂದರೆ ಅನ್ಯಾಯ. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲುಗಳನ್ನು ಹಾಳು ಮಾಡುತ್ತಲೇ ಕಲಿತವರು ನಾವು. ಸೋವಿ ಸರಕು, ಕೆಟ್ಟರೆ ಇನ್ನೊಂದು. ಆ ಕಾರ್ಖಾನೆ ವರ್ಷಗಟ್ಟಲೆ ನರಳಿ ಮುಚ್ಚಿಹೋಯಿತು. ಈಗ ಕಲರ್ ರೀಲು ಸಮುದ್ರ ದಾಟಿ ಬರಬೇಕು, ತೊಳೆದು ಸ್ಕ್ಯಾನ್ ಮಾಡಿಸಿ ಮುಗಿಸುವಷ್ಟರಲ್ಲಿ ಸಾವಿರ ರೂಪಾಯಿ ದಾಟಿರುತ್ತದೆ. ಈ ಬೆಲೆಯಲ್ಲಿ ಕೆಡಿಸಿ ಕಲಿಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಕ್ಯಾಮೆರಾ ರಿಪೇರಿಯವರ ತಲೆ ನರೆತಿದೆ, ಪಕ್ಕದಲ್ಲಿ ಕಲಿಯಲು ಕೂತ ಹುಡುಗನಿಲ್ಲ. ಲ್ಯಾಬುಗಳ ಸ್ಕ್ಯಾನರ್‌ಗಳೂ ಹಳೆಯವೇ, ಬಿಡಿಭಾಗಕ್ಕೆ ಇನ್ನೊಂದು ಸತ್ತ ಯಂತ್ರವನ್ನು ಬಿಚ್ಚಬೇಕು. ಇದನ್ನು ಮರುಜೀವ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದ್ದುದನ್ನು ಸವೆಸುತ್ತಿದ್ದೇವೆ.

ನೆಗೆಟಿವ್ ಬಗ್ಗೆ ಇಷ್ಟೇಕೆ ಗೋಳು ಎನ್ನಬಹುದು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ 2009ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಇವತ್ತಿಗೂ ಪ್ರದರ್ಶನಕ್ಕೆ ಇಡಲು ಸಾಧ್ಯವಾಗಿರುವುದು ಯಾರೋ ಅವನ್ನು ಜೋಪಾನ ಮಾಡಿದ್ದರಿಂದ. ಫೋನು ಕಳೆದರೆ, ಖಾತೆ ಮುಚ್ಚಿದರೆ ಸ್ಕ್ಯಾನು ಹೋಯಿತು. ನೆಗೆಟಿವ್ ಮನೆಯ ಬೀರುವಿನಲ್ಲಿದ್ದರೆ ಮತ್ತೆ ಪ್ರಿಂಟ್ ಹಾಕಬಹುದು.

ರೀಲು ತೊಳೆಯಲು ಕೊಟ್ಟು ಮರೆತಿದ್ದೀರಾ? ನಿಮ್ಮ ಕವರೂ ಅಂಥದೊಂದು ಪೆಟ್ಟಿಗೆಯಲ್ಲಿರಬಹುದು. ಮೇಲೆ ಹೆಸರು, ಫೋನ್ ನಂಬರು ಬರೆದಿರುತ್ತಾರೆ. ಪೆಟ್ಟಿಗೆ ತುಂಬುವುದರೊಳಗೆ ಹೋಗಿ ತಂದುಕೊಳ್ಳಿ.