ಪಿಂಚಣಿ ಉಳಿಸಿದರೆ ವಿಮಾನ ಬರುತ್ತದೆಯೇ?

ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಬೆಳಗ್ಗೆ ಐದಕ್ಕೇ ಹುಡುಗರು ಓಡುತ್ತಿರುತ್ತಾರೆ. 1600 ಮೀಟರ್ ಓಟ, ಬದಿಯಲ್ಲೊಬ್ಬ ಮೊಬೈಲಿನಲ್ಲಿ ಟೈಮ್ ನೋಡುತ್ತಾ ಕೂತಿರುತ್ತಾನೆ. ಸೇನೆಗೆ ಆಯ್ಕೆಯಾದರೆ ನಾಲ್ಕು ವರ್ಷದ ಕೆಲಸ. ಆಮೇಲೆ ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಮಂದಿ ಉಳಿಯುತ್ತಾರೆ. ಮಿಕ್ಕವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಪಡೆದು ಊರಿಗೆ ವಾಪಸ್. ಪಿಂಚಣಿ ಇಲ್ಲ.

2022ರ ಜೂನ್‌ನಲ್ಲಿ ಅಗ್ನಿಪಥ ತಂದಾಗ, ಸೇನೆಯ ಸರಾಸರಿ ವಯಸ್ಸು ಇಳಿಸಲು ಎಂದಿತು ಸರ್ಕಾರ. ಟಿವಿ ಚರ್ಚೆಯಿಂದ ಚಹಾದಂಗಡಿಯವರೆಗೆ ಇನ್ನೊಂದು ವಾದವೂ ಓಡಾಡಿತು: ಪಿಂಚಣಿ ಉಳಿದರೆ ಆಯುಧಕ್ಕೆ ದುಡ್ಡಾಗುತ್ತದೆ.

ಲೆಕ್ಕ ನೋಡೋಣ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಪಿಂಚಣಿಗೆ 1.60 ಲಕ್ಷ ಕೋಟಿ, ವಿಮಾನ, ಹಡಗು, ಫಿರಂಗಿಯಂಥ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಪಿಂಚಣಿ ದೊಡ್ಡ ಮೊತ್ತ, ಒಪ್ಪೋಣ. ಆದರೆ ಅದು ಈಗಾಗಲೇ ನಿವೃತ್ತರಾದವರದು, ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಹಳೇ ಪದ್ಧತಿಯಲ್ಲಿ 2022ರಲ್ಲಿ ಸೇರಿದ ಸಿಪಾಯಿ ಪಿಂಚಣಿಗೆ ಹದಿನೈದು ವರ್ಷವಾದರೂ ದುಡಿಯಬೇಕಿತ್ತು. ಅಂದರೆ ಈ ಉಳಿತಾಯ ಶುರುವಾಗುವುದೇ 2037ರ ಹೊತ್ತಿಗೆ.

ಕೊರತೆ ಇರುವುದು ಇವತ್ತು. ವಾಯುಪಡೆಗೆ ಮಂಜೂರಾದದ್ದು 42 ಯುದ್ಧವಿಮಾನ ಸ್ಕ್ವಾಡ್ರನ್. 2025ರ ಸೆಪ್ಟೆಂಬರ್ 26ರಂದು ಮಿಗ್-21 ಬೀಳ್ಕೊಟ್ಟ ಮೇಲೆ ಉಳಿದದ್ದು 29. ಆ ಜಾಗಕ್ಕೆ ಬರಬೇಕಾದ ತೇಜಸ್ ಮಾರ್ಕ್-1ಎ ನಮ್ಮ ಬೆಂಗಳೂರಿನ ಎಚ್‌ಎಎಲ್‌ನದೇ. 83 ವಿಮಾನಕ್ಕೆ 2021ರಲ್ಲೇ ಒಪ್ಪಂದವಾಗಿದೆ. 2024ರಲ್ಲಿ ಶುರುವಾಗಬೇಕಿದ್ದ ಪೂರೈಕೆ ತಡವಾಯಿತು. ಅಮೆರಿಕದ ಎಂಜಿನ್ ಹೊತ್ತಿಗೆ ಬಾರದ್ದು ದೊಡ್ಡ ಕಾರಣ. ಇದು ದುಡ್ಡಿನ ಬರ ಅಲ್ಲವೇ ಅಲ್ಲ. 2024-25ರಲ್ಲಂತೂ ಬಂಡವಾಳ ವೆಚ್ಚಕ್ಕಿಟ್ಟ ಹಣವನ್ನೇ ಪರಿಷ್ಕೃತ ಅಂದಾಜಿನಲ್ಲಿ ಸುಮಾರು 12,500 ಕೋಟಿ ಇಳಿಸಿದರು.

ಟ್ರ್ಯಾಕ್ಟರ್ ಕೊಂಡು ಡೀಸೆಲ್‌ಗೆ ದುಡ್ಡಿಡದವರನ್ನು ನಾವು ನೋಡಿಲ್ಲವೇ? 2017ರ ಸಿಎಜಿ ವರದಿ ಸೇನೆಯ 152 ಬಗೆಯ ಮದ್ದುಗುಂಡು ಪರಿಶೀಲಿಸಿತ್ತು. ಅದರಲ್ಲಿ 61 ಬಗೆಯ ದಾಸ್ತಾನು ಯುದ್ಧವಾದರೆ ಹತ್ತು ದಿನಕ್ಕೂ ಸಾಲುತ್ತಿರಲಿಲ್ಲ.

ಮದ್ದುಗುಂಡಿನಷ್ಟೇ ಪಳಗಿದ ಕೈಯೂ ಬೇಕು. ಅಗ್ನಿವೀರರ ನಾಲ್ಕು ವರ್ಷದಲ್ಲಿ ತರಬೇತಿಯೂ ಸೇರಿದೆ. ಟ್ಯಾಂಕ್, ರೇಡಾರ್ ಕೆಲಸ ಕೈಗೆ ಹತ್ತುವ ಹೊತ್ತಿಗೆ ಮುಕ್ಕಾಲು ಮಂದಿ ಹೊರಗೆ. ಈ ನಷ್ಟಕ್ಕೆ ಬಜೆಟ್ ಪುಸ್ತಕದಲ್ಲಿ ಕಾಲಂ ಇಲ್ಲ. ನನ್ನ ಪ್ರಕಾರ ಉಳಿಸಿಕೊಳ್ಳುವವರ ಪಾಲು ಅರ್ಧಕ್ಕಾದರೂ ಏರಬೇಕು. ಮೊದಲ ತಂಡದ ಅವಧಿ 2026ರ ಕೊನೆಗೆ ಮುಗಿಯತೊಡಗುತ್ತದೆ. ಅಷ್ಟರೊಳಗೆ ಇದು ತೀರ್ಮಾನವಾಗಬೇಕು.